ಮಹಾವೀರಾಚಾರ್ಯನ ಅಂಕಮಾಲೆ

ಘಾಟಬೋರಾಳದಿಂದ ಹುಮನಾಬಾದ ಮಾರ್ಗವಾಗಿ ತೆಂಕಣಕ್ಕೆ ನಡೆದರೆ ಕಲಬುರಗಿ ಸೀಮೆಯಲ್ಲಿ ಕಾಗಿಣಾ ನದಿಯ ದಡದ ಮೇಲೆ ಮಳಖೇಡವು ಸಿಕ್ಕುವುದು. ಇದೇ ರಾಷ್ಟ್ರಕೂಟರ ಮಾನ್ಯಖೇಟ. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗುವುದಕ್ಕೆ ಸುಮಾರು ಎರಡು ಶತಮಾನಗಳ ಮುಂಚೆ ಈ ನಾಡೆಲ್ಲವೂ ಅಲ್ಲಿಯ ಅರಸರ ಆಳ್ವಿಕೆಯಲ್ಲಿದ್ದಿತು. ಅಮೋಘವರ್ಷ ನೃಪತುಂಗನ (ಕ್ರಿ. ಶ. 814–878) ಹೆಸರನ್ನು ಕೇಳಿದೊಡನೆ ವಾಚಕರಿಗೆ ಕವಿರಾಜಮಾರ್ಗವು ನೆನಪಾಗುವುದು ಸಹಜವೇ ಸರಿ. ಆದರೆ ಅದೇ ಅರಸನನ್ನು ಗ್ರಂಥಾರಂಭದಲ್ಲಿ ಕೊಂಡಾಡಿರುವ ಮಹಾವೀರಾಚಾರ್ಯನನ್ನೂ, ಆತನ ಗಣಿತಸಾರಸಂಗ್ರಹವನ್ನೂ ನೆನೆಯುವವರು ವಿರಳ.

ಆ ಸಂಸ್ಕೃತ ಗ್ರಂಥದ ಗುಣಾಕಾರ ಭಾಗದಲ್ಲಿ ಕೆಲವು ವಿಚಿತ್ರ ಲೆಕ್ಕಗಳುಂಟು. 2,79,94,681ನ್ನು 441ರಿಂದ ಗುಣಿಸಬೇಕೆಂಬುದು ಅವುಗಳಲ್ಲೊಂದು. ಬರುವ ಫಲವು 12345654321. ಎಂದರೆ 1,234 ಕೋಟಿ, 56 ಲಕ್ಷ, 54 ಸಾವಿರದ 321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ! ಇಂತಹ ಫಲಗಳನ್ನು ಆಚಾರ್ಯನು ಕಂಠಾಭರಣಗಳಿಗೆ ಹೋಲಿಸಿದ್ದಾನೆ. 14,28,57,143ನ್ನು 7ರಿಂದ ಗುಣಿಸಿದಾಗ ಬರುವ 1000000001 ಸಹ ಇಂತಹದೇ: ಎರಡು ಕೊನೆಗಳಲ್ಲಿ ಒಂದೊಂದು ಮಣಿ, ನಡುವೆ ಬರಿಯ ಸೊನ್ನೆಗಳ ಸರ.

ಇದು ಕೇವಲ ಮಕ್ಕಳಾಟವೆಂದು ತಳ್ಳಿಹಾಕಲಾಗದು. ಮೊದಲ ಮಾಲೆಯ ಗುಟ್ಟನ್ನು ಬಿಚ್ಚಿ ನೋಡೋಣ. ಆ ಸಂಖ್ಯೆಯು 111111ರ ವರ್ಗ. ಆರು ಒಂದುಗಳ ಸಾಲನ್ನು ಒಂದೊಂದು ಸ್ಥಾನ ಸರಿಸುತ್ತ ಆರು ಸಲ ಬರೆದು ಕೂಡಿದರೆ, ಕಂಬಸಾಲುಗಳ ಮೊತ್ತಗಳು ಒಂದರಿಂದ ಆರರವರೆಗೆ ಏರಿ ಮರಳಿ ಒಂದಕ್ಕೆ ಇಳಿಯುವುವು; ಯಾವ ಮೊತ್ತವೂ ಒಂಬತ್ತನ್ನು ಮೀರದುದರಿಂದ ದಶಕವೇರಿ ಮಾಲೆಯು ಕೆಡುವುದಿಲ್ಲ. ಇನ್ನು 111111 ಎಂಬುದು 3, 7, 11, 13, 37 ಇವುಗಳ ಗುಣಲಬ್ಧ. ಮೊದಲೆರಡನ್ನು ಗುಣಿಸಿದರೆ 21, ಅದರ ವರ್ಗ 441. ಉಳಿದ ಮೂರನ್ನು ಗುಣಿಸಿದರೆ 5291, ಅದರ ವರ್ಗವೇ 2,79,94,681. ಹೀಗೆ ಗುಣ್ಯ ಗುಣಕಗಳೆರಡೂ ವರ್ಗಗಳೇ. ಲೆಕ್ಕವನ್ನು ಕೊಟ್ಟವನು ಮಾಲೆಯನ್ನು ಮೊದಲೇ ಬಲ್ಲವನಾಗಿ, ಅದನ್ನು ಬಿಡಿಸಿ ಶಿಷ್ಯನ ಮುಂದಿಟ್ಟಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಚರಿತ್ರೆಯ ದೃಷ್ಟಿಯಿಂದ ಇದಕ್ಕಿಂತ ಬೆಲೆಯುಳ್ಳ ಸಂಗತಿ ಇನ್ನೊಂದಿದೆ. ಈ ಸಂಖ್ಯೆಯನ್ನು ಗ್ರಂಥಕಾರನು ಕೋಟಿ ಲಕ್ಷಗಳಿಂದ ಹೆಸರಿಸಲಿಲ್ಲ. ಒಂದರಿಂದ ತೊಡಗಿ ಆರರವರೆಗೆ ಹೋಗಿ ಕ್ರಮವಾಗಿ ಇಳಿಯುವುದು ಎಂದಷ್ಟೇ ಸೂಚಿಸಿದನು. ಅಂಕಿಯ ಬೆಲೆಯು ಅದರ ಸ್ಥಾನದಿಂದಲೇ ತಿಳಿಯುವುದೆಂಬ ನಿಯಮವು ಓದುವವರಿಗೆ ಕರತಲಾಮಲಕವಾಗಿರದಿದ್ದರೆ ಇಂತಹ ಸಂಕ್ಷೇಪವು ಅರ್ಥವಾಗುತ್ತಲೇ ಇರಲಿಲ್ಲ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಆತನು ಹೆಸರು ಕೊಟ್ಟಿರುವುದೂ ಗಮನಾರ್ಹ.

ಓಲೆಗರಿಗಳಲ್ಲಿದ್ದ ಈ ಗ್ರಂಥವನ್ನು ಎಂ. ರಂಗಾಚಾರ್ಯರು, ಕನ್ನಡ ಲಿಪಿಯ ಪ್ರತಿಗಳನ್ನೂ ಪರಿಶೀಲಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಕನ್ನಡ ಅನುವಾದ ಸಹಿತವಾದ ಮುದ್ರಣವು ಹೊಂಬುಜದಿಂದ 2000ದಲ್ಲಿ ಹೊರಬಿದ್ದಿತು.