ಗೆದ್ದವರು 23 ಮಂದಿ, ಕುರ್ಚಿ ಖಾಲಿ

2019ರ ಏಪ್ರಿಲ್ 2. ಶಿಕಾಗೋ ಮತದಾರರು ಲೋರಿ ಲೈಟ್‌ಫುಟ್ ಅವರನ್ನು ಮೇಯರ್ ಆಗಿ ಆರಿಸಿದರು. ಮೇ 20ಕ್ಕೆ ಪ್ರಮಾಣವಚನ. ಅಂದರೆ 48 ದಿನ. ಆ ಊರಿನ ಇತಿಹಾಸದಲ್ಲೇ ಮೊದಲ ಕಪ್ಪುವರ್ಣೀಯ ಮಹಿಳಾ ಮೇಯರ್! ನಾವೂ ಟಿವಿಯಲ್ಲಿ ಸಂಭ್ರಮದಿಂದಲೇ ತೋರಿಸಿದ್ವಿ.

ಅದೇ ಹೊತ್ತಿಗೆ ನಮ್ಮ ಕುಂದಾಪುರದಲ್ಲಿ? ಪುರಸಭೆಗೆ ಮತದಾನ ಆಗಿದ್ದು 2018ರ ಆಗಸ್ಟ್ 31ಕ್ಕೆ. 23 ವಾರ್ಡ್, 23 ಸದಸ್ಯರು. ಪಟಾಕಿ, ಹಾರ, ಮೆರವಣಿಗೆ ಎಲ್ಲ ಮುಗೀತು. ಅಧ್ಯಕ್ಷರು ಮಾತ್ರ ಇಲ್ಲ. ಬ್ರಹ್ಮಾವರ ಕಡೆಯ ಸಾಲಿಗ್ರಾಮ ಪಟ್ಟಣ ಪಂಚಾಯತಿಯ ಕಥೆಯೂ ಇದೇ. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಹೈಕೋರ್ಟ್ ಮೆಟ್ಟಿಲೇರಿತ್ತು. ಆಡಳಿತಾಧಿಕಾರಿಯದೇ ರಾಜ್ಯಭಾರ. ಚರಂಡಿ ಕಟ್ಟಿದರೆ ಜನ ಹೋಗುವುದು ಗೆದ್ದವರ ಮನೆಗೆ. ಅವರು ಹೇಳುವುದೋ, "ನಮ್ ಕೈಯಗ್ ಎಂತ ಇತ್ ಮಾರಾಯ್ರೆ?"

ಮೀಸಲಾತಿ ಸರದಿ ತಪ್ಪಲ್ಲ. ಅದಿಲ್ಲದಿದ್ದರೆ ಎಷ್ಟೋ ಹೆಣ್ಮಕ್ಕಳು, ದಲಿತರು ಆ ಕುರ್ಚಿ ಹತ್ತಿರವೂ ಸುಳಿಯುತ್ತಿರಲಿಲ್ಲ. ಆದರೆ ಆ ಪಟ್ಟಿಯನ್ನು ಮತದಾನಕ್ಕೆ ಮೊದಲೇ ಇತ್ಯರ್ಥ ಮಾಡೋಕೆ ಏನು ಕಷ್ಟ? ಎಂಜಿನಿಯರಿಂಗ್ ಓದಿದ ನನಗಂತೂ ಇದು ಬಿಡಿಸಲಾಗದ ಲೆಕ್ಕ ಅನ್ನಿಸಲ್ಲ.

ಅಂತೂ ಅಧ್ಯಕ್ಷರು ಬಂದಿದ್ದು 2020ರ ಕೊನೆಗೆ. ಮೂವತ್ತು ತಿಂಗಳ ಅವಧಿ 2023ರಲ್ಲಿ ಮುಗೀತು. ಲೈಟ್‌ಫುಟ್ ಕೂಡ ಅದೇ ವರ್ಷ ಸೋತರು. ಮೇ 15ಕ್ಕೆ ಬ್ರ್ಯಾಂಡನ್ ಜಾನ್ಸನ್ ಬಂದು ಕೂತರು. ಕುಂದಾಪುರದವರು ಮತ್ತೆ ಮೀಸಲಾತಿ ಪಟ್ಟಿ ಕಾದರು. ಮುಂದಿನ ಅಧ್ಯಕ್ಷರ ಆಯ್ಕೆ ನಡೆದದ್ದು 2024ರ ಆಗಸ್ಟ್‌ನಲ್ಲಿ.