ಒಂದ ಪದಾ ಅನ್ನು

ವ್ಯಾಕರಣದ ಪುಸ್ತಕದಲ್ಲಿ ಪದ ಎಂದರೆ ನಾಮಪದ, ಕ್ರಿಯಾಪದ, ಜೋಡುಪದ. ಪತ್ರಿಕೆಯ ಪುಟದಲ್ಲಿ ಪದಬಂಧ. ಸಂಘದ ಸಭೆಯಲ್ಲಾದರೆ ಪದಾಧಿಕಾರಿಗಳ ಪದಗ್ರಹಣ. ಆದರೆ ಧಾರವಾಡದ ಕಡೆಯೋ ಕಲಬುರಗಿಯ ಕಡೆಯೋ ಒಂದು ಹಳ್ಳಿಯ ಕಟ್ಟೆಯ ಮೇಲೆ ಕೂತು, ಪಕ್ಕದ ಹಿರಿಯರನ್ನು ‘ಒಂದು ಪದ ಹೇಳ್ರಿ’ ಎಂದು ಕೇಳಿ ನೋಡಿ. ಅವರು ಕೊರಳು ಸರಿಮಾಡಿಕೊಂಡು ಹಾಡತೊಡಗುತ್ತಾರೆ. ಅಲ್ಲಿ ಪದ ಎಂದರೆ ಹಾಡು. ಬೀಸುವ ಪದ, ಕುಟ್ಟುವ ಪದ, ಹಂತಿ ಪದ, ಡೊಳ್ಳಿನ ಪದ, ಗೀಗೀ ಪದ, ಚೌಡಿಕೆ ಪದ, ಭಜನಿ ಪದ, ಮೊಹರಂ ಪದ, ತತ್ವಪದ. ಮೈಸೂರು ಸೀಮೆಯಲ್ಲಿ ಸೋಬಾನೆ ಪದ, ಕೋಲಾಟದ ಪದ. ಯಕ್ಷಗಾನದಲ್ಲಿ ಭಾಗವತರು ಹೇಳುವುದೂ ಪದವೇ.

ಮಾತಿಗೂ ಹಾಡಿಗೂ ಹೀಗೆ ಒಂದೇ ಹೆಸರಿರುವುದು ನನಗೆ ಬಹಳ ಪ್ರೀತಿಯ ಸಂಗತಿ. ಈ ಹೆಸರು ಸಂಸ್ಕೃತದ್ದು. ಅಲ್ಲಿ ಅದಕ್ಕೆ ಹೆಜ್ಜೆ, ನೆಲೆ, ಪದ್ಯದ ಒಂದು ಪಾದ ಎಂಬ ಅರ್ಥಗಳಿವೆ. ಮೂರು ಪಾದದ್ದು ತ್ರಿಪದಿ, ಆರು ಪಾದದ್ದು ಷಟ್ಪದಿ. ಪದ್ಯದ ಒಂದು ಕಾಲಿಗಿದ್ದ ಹೆಸರು ಭಕ್ತರ ಬಾಯಲ್ಲಿ ಇಡೀ ಹಾಡಿಗೇ ನಿಂತಿತು. ದಾಸರ ಪದಗಳು ಎಂದು ನಾವು ಅನ್ನುವುದು ಆ ಅರ್ಥದಲ್ಲಿ. ಮರಾಠಿ, ತೆಲುಗು, ಹಿಂದಿಗಳಲ್ಲೂ ಈ ಬಳಕೆ ಉಂಟು. ನಮ್ಮಲ್ಲಿ ಅದು ಗುಡಿ, ಮಠಗಳ ಹೊಸ್ತಿಲು ದಾಟಿ ಕಣಕ್ಕೆ ಹೋಯಿತು, ಅಡುಗೆಮನೆಗೆ ಹೋಯಿತು, ತೊಟ್ಟಿಲ ಹತ್ತಿರ ಕೂತಿತು.

ಕನ್ನಡಕ್ಕೆ ತನ್ನದೇ ಇನ್ನೊಂದು ಪದವಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಳಗನ್ನಡದ ಪಾಲು ಹಾಲಾದಂತೆ, ಪಾಡು ಹಾಡಾದಂತೆ, ಆ ಪದ ಕಾಲಕ್ರಮದಲ್ಲಿ ‘ಹದ’ ಆಯಿತು. 9ನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡನಾಡಿನ ಜನರನ್ನು ಹೊಗಳುವ ಕಡೆ ಬರುವ ‘ಪದನ್’ ಈ ಹದವೇ: ಹದವರಿತು ಮಾತಾಡುವ ಜನ ಎಂಬ ಮೆಚ್ಚುಗೆ. ಸಂಸ್ಕೃತದ ಪದಕ್ಕೂ ಕನ್ನಡದ ಹದಕ್ಕೂ ನೆಂಟಸ್ತಿಕೆ ಇಲ್ಲ. ಆದರೂ ಹಾಡುವವರ ನಡುವೆ ಕೂತಾಗ ನನಗೆ ಎರಡೂ ಒಟ್ಟಿಗೇ ನೆನಪಾಗುತ್ತವೆ.

ಇನ್ನು ಈ ಪದದ ಜೊತೆ ಬರುವ ಕ್ರಿಯೆಗಳನ್ನು ನೋಡಬೇಕು. ಹೊಸದಾಗಿ ರಚಿಸಿದರೆ ‘ಪದ ಕಟ್ಟಿದ’. ಶುರುಮಾಡಿದರೆ ‘ಪದ ಹಚ್ಚಿದ’ ಅಥವಾ ‘ಎತ್ತಿದ’. ಹಿಂದಿನಿಂದ ಉಳಿದವರು ಕೂಡಿಕೊಂಡರೆ ‘ಸೊಲ್ಲು ಹಿಡಿದರು’. ಇವೆಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಮತ್ತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ‘ಅನ್ನು’. ‘ಒಂದ ಪದಾ ಅನ್ನಬೇ ಯವ್ವಾ’ ಎಂದು ಮೊಮ್ಮಕ್ಕಳು ಅಜ್ಜಿಯನ್ನು ಕಾಡುತ್ತಾರೆ. ಮದುವೆಯ ಮನೆಯಲ್ಲಿ ‘ಯಾರರೆ ಒಂದ ಪದಾ ಅನ್ರಿ’ ಎಂದು ಹಿರಿಯ ಹೆಂಗಸು ಕರೆಯುತ್ತಾಳೆ.

ಹಾಡಬೇಕೆಂದರೆ ದನಿ ಬೇಕು, ಶ್ರುತಿ ಬೇಕು, ಕಲಿತಿರಬೇಕು ಎಂಬ ಅಳುಕು ನಮ್ಮೊಳಗೆ ಹೊಕ್ಕುಬಿಟ್ಟಿದೆ. ‘ಹಾಡಿ’ ಎಂದ ಕೂಡಲೇ ಹತ್ತರಲ್ಲಿ ಎಂಟು ಮಂದಿ ‘ನನಗೆ ಬರೋದಿಲ್ಲ’ ಎಂದು ಹಿಂದೆ ಸರಿಯುತ್ತಾರೆ. ಅನ್ನುವುದಕ್ಕೆ ಏನು ಬೇಕು? ಬಾಯಿದ್ದವರೆಲ್ಲ ಅನ್ನುವವರೇ. ಈ ಕ್ರಿಯೆ ಹಾಡನ್ನು ಮಾತಿನ ಪಕ್ಕಕ್ಕೆ ತಂದು ಕೂರಿಸುತ್ತದೆ. ನೀರು ತಾ ಎಂದಷ್ಟೇ ಸಹಜವಾಗಿ, ಯಾರ ಅಪ್ಪಣೆಯೂ ಇಲ್ಲದೆ, ಯಾರೂ ಅಂಕ ಕೊಡದೆ, ಒಬ್ಬ ಮನುಷ್ಯ ದನಿ ಎತ್ತಬಹುದು. ಕನ್ನಡದ ಹಾಡಿನ ಸಂಪತ್ತಿನಲ್ಲಿ ಬಹುಪಾಲು ಬಂದದ್ದು ಹೀಗೆ ಅಂದವರಿಂದ. ‘ಹಾಡ್ತಾ ಹಾಡ್ತಾ ರಾಗ’ ಎಂಬ ಗಾದೆಯನ್ನು ಕಟ್ಟಿದವರೂ ಅವರೇ ಇರಬೇಕು.

ಬೀಸುವ ಪದವನ್ನೇ ತೆಗೆದುಕೊಳ್ಳಿ. ಇನ್ನೂ ಕತ್ತಲು. ಮನೆಯ ಇಬ್ಬರು ಹೆಂಗಸರು ಬೀಸುಕಲ್ಲಿನ ಎರಡು ಕಡೆ ಎದುರುಬದುರು ಕೂತಿದ್ದಾರೆ, ಒಂದು ಕಾಲು ಚಾಚಿ, ಇನ್ನೊಂದು ಮಡಚಿ. ಮೇಲಿನ ಕಲ್ಲಿನ ಗೂಟದ ಮೇಲೆ ಇಬ್ಬರ ಕೈ. ಒಬ್ಬಳ ಎಳೆತ ಮುಗಿಯುವ ಕಡೆ ಇನ್ನೊಬ್ಬಳದು ಶುರು. ಬಿಡುವಾದ ಕೈ ಕಲ್ಲಿನ ಬಾಯಿಗೆ ಒಂದೊಂದೇ ಮುಕ್ಕು ಜೋಳ ಹಾಕುತ್ತದೆ. ಹೆಚ್ಚು ಹಾಕಿದರೆ ನುಚ್ಚು ಬೀಳುತ್ತದೆ, ಕಡಿಮೆಯಾದರೆ ಕಲ್ಲಿಗೆ ಕಲ್ಲು ತಿಕ್ಕುತ್ತದೆ. ಕಲ್ಲು ಗುರುಗುಟ್ಟುವ ಆ ಕೆಳದನಿಯೇ ಶ್ರುತಿ, ಅದು ತಿರುಗುವ ಸುತ್ತೇ ತಾಳ. ಅದರ ಮೇಲೆ ತ್ರಿಪದಿ ಸಾಗುತ್ತದೆ. ಬರೆದಾಗ ಮೂರೇ ಸಾಲು. ಬಾಯಲ್ಲಿ ಮಾತ್ರ ಎರಡನೆಯ ಸಾಲಿನ ತುಣುಕೊಂದು ಮರಳಿ ಮರಳಿ ಬಂದು ಮೂರು ಸಾಲು ನಾಲ್ಕರಷ್ಟು ಉದ್ದವಾಗುತ್ತದೆ. ಕೈ ದಣಿದು ಮುಂದಿನ ಸಾಲು ನೆನಪಾಗುವ ತನಕ ಆ ಮರುದನಿಯೇ ಆಸರೆ. ಈ ತ್ರಿಪದಿ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ರ ಹೊತ್ತಿಗೇ, ಬಂಡೆಯ ಮೇಲೆ ಕೆತ್ತಿಸಿಕೊಂಡು ಕೂತಿದೆ. ವೀರನೊಬ್ಬನ ಹೊಗಳಿಕೆಗೆ ಒದಗಿದ ಛಂದಸ್ಸು ಹಿಟ್ಟು ಬೀಸುವ ಹೆಣ್ಣುಮಗಳ ತವರಿನ ನೆನಪಿಗೂ ಒದಗಿತು.

ಮೊದಲ ಪದ ದೇವರಿಗೆ, ಕಲ್ಲಿಗೂ ಒಂದು. ಆಮೇಲೆ ತವರು, ಅಣ್ಣ, ತೊಟ್ಟಿಲ ಕೂಸು, ದೂರ ಹೋದ ಗಂಡ. ಹಗಲು ಹೊತ್ತು ಅತ್ತೆಯ ಮುಂದೆ ಆಡಲಾಗದ ಮಾತನ್ನು ಅತ್ತೆ ಮಲಗಿರುವ ಕೋಣೆಗೆ ಕೇಳುವಂತೆ ಪದದಲ್ಲಿ ಅಂದುಬಿಡಬಹುದಿತ್ತು. ಪದಕ್ಕೆ ಯಾರೂ ಜವಾಬು ಕೇಳುವುದಿಲ್ಲ. ಮೊರದಲ್ಲಿನ ಕಾಳು ತೀರಿದಾಗಲೂ ‘ಮುಗಿಯಿತು’ ಎನ್ನದೆ ‘ಹೆಚ್ಚಿತು’ ಎಂದು ಹರಸಿ ಕಲ್ಲು ನಿಲ್ಲಿಸುವ ಪದಗಳಿವೆ.

ಇವುಗಳನ್ನು ಬರೆದಿಡಬೇಕು ಎಂದು ಮೊದಲು ಮನಸ್ಸು ಮಾಡಿದವರಲ್ಲಿ ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು ಮುಖ್ಯರು: ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ. 1931ರಲ್ಲಿ ಬಂದ ಅವರ ‘ಗರತಿಯ ಹಾಡು’ ಕನ್ನಡದ ಓದುವ ಜನರಿಗೆ ತಮ್ಮ ತಾಯಂದಿರೇ ಕವಿಗಳು ಎಂದು ತೋರಿಸಿಕೊಟ್ಟಿತು. ಬೇರೆ ಯಾವುದೇ ಕಾವ್ಯಸಂಗ್ರಹಕ್ಕಿಂತ ನಾನು ಹೆಚ್ಚು ಸಲ ಕೈಗೆತ್ತಿಕೊಳ್ಳುವ ಪುಸ್ತಕ ಅದು.

ಪುಸ್ತಕದಲ್ಲಿ ಪದ ಉಳಿಯುತ್ತದೆ, ನಿಜ. ಬಾಯಲ್ಲಿ ಅದು ಎಲ್ಲಿ ಉಳಿಯುತ್ತದೆ ಎಂಬುದನ್ನು ನಮ್ಮ ಓಣಿಯ ಒಬ್ಬ ಆಯಿಯಿಂದ ಕಲಿತೆ. ಅವರ ಬಾಯಲ್ಲಿದ್ದ ಪದಗಳನ್ನು ಮೊಬೈಲಿನಲ್ಲಿ ಹಿಡಿದಿಡೋಣವೆಂದು ಹೋಗಿದ್ದೆ. ಕುರ್ಚಿಯ ಮೇಲೆ ನೆಟ್ಟಗೆ ಕೂತರು, ಸೆರಗು ಸರಿಮಾಡಿಕೊಂಡರು, ಒಂದು ಸಾಲು ಅಂದರು, ಮುಂದಿನದು ಬರಲಿಲ್ಲ. ಮತ್ತೊಂದು ಎತ್ತಿದರು, ಅದೂ ನಡುವೆಯೇ ನಿಂತಿತು. ‘ಮರತ ಹೋಗ್ಯಾವಪಾ’ ಎಂದು ಬೇಸರಪಟ್ಟರು. ಸ್ವಲ್ಪ ಹೊತ್ತಿನ ಮೇಲೆ ಸೊಸೆ ಜೋಳದ ಮೊರ ತಂದಿಟ್ಟಳು. ಆಯಿ ಕುರ್ಚಿ ಬಿಟ್ಟು ನೆಲಕ್ಕಿಳಿದು ಹಸನು ಮಾಡತೊಡಗಿದರು. ಮೊರ ಕೊಡವುತ್ತ, ಕಲ್ಲು ಆರಿಸುತ್ತ, ಬೆರಳು ಒಂದು ಲಯಕ್ಕೆ ಬಿದ್ದವು. ಆಗ ಬಂದವು ನೋಡಿ ಪದಗಳು, ಒಂದರ ಬಾಲ ಹಿಡಿದು ಇನ್ನೊಂದು. ‘ಕೈ ಖಾಲಿ ಇದ್ರ ಪದಾ ಹೆಂಗ ಬರ್ತಾವಪಾ?’ ಎಂದರು. ಆಯಿಯ ಪದ ಇದ್ದದ್ದು ಕೈಯಲ್ಲಿ.

ಕೈಗೆ ಕೆಲಸ ತಪ್ಪಿದ್ದರಿಂದಲೇ ಬಾಯಿಗೆ ಪದ ತಪ್ಪಿತು. ಊರಿಗೆ ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಹಿತ್ತಿಲಿಗೆ ಹೋಯಿತು. ಹಂತಿ ಪದದ ಗತಿಯೂ ಅದೇ. ಕಣದ ನಡುವೆ ಮೇಟಿ ನೆಟ್ಟು, ತೆನೆ ಹರವಿ, ಸುತ್ತ ಎತ್ತುಗಳನ್ನು ತಿರುಗಿಸುವ ತುಳಿತ ರಾತ್ರಿಯೆಲ್ಲ ನಡೆಯುತ್ತಿತ್ತು. ನಿದ್ದೆ ತಡೆಯಲು, ಎತ್ತಿಗೂ ಆಳಿಗೂ ಹುರುಪು ತುಂಬಲು ಗಂಡಸರು ಪದ ಹಚ್ಚುತ್ತಿದ್ದರು. ಈಗ ರಾಶಿ ಮಷೀನು ಬರುತ್ತದೆ, ಇಲ್ಲವೆ ಡಾಂಬರು ರಸ್ತೆಯ ಮೇಲೆ ತೆನೆ ಹರವಿದರೆ ಲಾರಿ, ಬಸ್ಸುಗಳೇ ತುಳಿದು ಹೋಗುತ್ತವೆ. ಬೀಸುಕಲ್ಲು ಮರಳಿ ಬರಲಿ ಎಂದು ನಾನು ಎಂದೂ ಬಯಸುವವನಲ್ಲ. ಬೆಳಗಿನ ಜಾವದಲ್ಲಿ ಹೆಂಗಸರ ರಟ್ಟೆ ಸವೆಸಿದ ಕಲ್ಲು ಅದು, ಗಿರಣಿ ಬಂದ ದಿನ ಅವರು ಪಟ್ಟ ಸಂತೋಷ ನ್ಯಾಯವಾದದ್ದು. ಆದರೆ ಕಲ್ಲಿನ ಜೊತೆಗೆ ದನಿಯನ್ನೂ ಹಿತ್ತಿಲಿಗೆ ಹಾಕಬೇಕಾಗಿರಲಿಲ್ಲ.

ಏಕೆಂದರೆ ಪದ ಹಳೆಯ ವಸ್ತುಗಳಿಗೇ ಅಂಟಿಕೊಂಡದ್ದಲ್ಲ. ಶಿಶುನಾಳ ಶರೀಫರು (1819–1889) ಸುತ್ತ ಕಂಡದ್ದರ ಮೇಲೆಲ್ಲ ಪದ ಕಟ್ಟಿದರು. ಆ ಕಾಲಕ್ಕೆ ಹೊಚ್ಚಹೊಸದಾಗಿದ್ದ ಗಿರಣಿಯೂ ಅವರಿಗೆ ತತ್ವದ ಪದವಾಯಿತು. ಇವತ್ತು ಅವರಿದ್ದಿದ್ದರೆ ಮೊಬೈಲ್ ಟವರಿನ ಮೇಲೂ ಒಂದು ಕಟ್ಟುತ್ತಿದ್ದರು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಇತ್ತ ರಾಮನಗರದಲ್ಲಿ ಹುಟ್ಟಿದ ಜಿ.ಪಿ. ರಾಜರತ್ನಂ, ಹೆಂಡ ಕುಡಿಯುವ ಬಡವನೊಬ್ಬನ ಬಾಯಿಗೆ ಆಡುಮಾತಿನ ಕವಿತೆಗಳನ್ನು ಕೊಟ್ಟಾಗ, ಅವನ್ನು ಗೀತೆ ಎನ್ನಲಿಲ್ಲ, ಕವನ ಎನ್ನಲಿಲ್ಲ, ‘ರತ್ನನ ಪದಗಳು’ ಎಂದರು. ಆ ಹೆಸರಿನಲ್ಲೇ ಕವಿತೆಗಳ ನೆಲೆ ಯಾವುದೆಂದು ತಿಳಿದುಹೋಗುತ್ತದೆ. ಮೈಸೂರು ಅನಂತಸ್ವಾಮಿಯವರ ಕೊರಳಿನಲ್ಲಿ ಅವು ಮತ್ತೆ ಪದಗಳಾದವು. ಈಗ ಆ ಶೀರ್ಷಿಕೆ ನೋಡಿದ ಮಕ್ಕಳು ರತ್ನ ಬಳಸಿದ ಶಬ್ದಗಳ ಪಟ್ಟಿ ಎಂದುಕೊಂಡಾರು ಎಂಬ ಚಿಂತೆ ನನ್ನದು. ನಗರದ ಶಾಲೆಗಳಲ್ಲಿ ಪದದ ಎರಡನೆಯ ಅರ್ಥವನ್ನು ಹೇಳಿಕೊಡುವವರು ಬೇಕು.

ಭಾಷೆಯ ಒಳಗೆ ನಡೆದ ಇನ್ನೊಂದು ಬದಲಾವಣೆ ಇದಕ್ಕಿಂತ ಸೂಕ್ಷ್ಮವಾದದ್ದು. ‘ಹಚ್ಚು’ ಎಂಬ ಕ್ರಿಯೆ ಹಾಗೆಯೇ ಉಳಿದಿದೆ. ದೀಪ ಹಚ್ಚು, ಒಲೆ ಹಚ್ಚು, ಪದ ಹಚ್ಚು. ಈಗ ಹುಡುಗರು ‘ಸಾಂಗ್ ಹಚ್ಚಲೇ’ ಎನ್ನುತ್ತಾರೆ. ಮೊದಲು ಪದ ಹಚ್ಚು ಎಂದರೆ ಕೇಳಿಸಿಕೊಂಡವನು ಬಾಯಿ ತೆರೆಯಬೇಕಿತ್ತು, ಈಗ ಫೋನು ತೆಗೆಯುತ್ತಾನೆ. ಫೋನಿನಲ್ಲಿ ಹಾಡು ಕೇಳುವುದು ನನಗೂ ದೊಡ್ಡ ಸುಖವೇ, ಮಲ್ಲಿಕಾರ್ಜುನ ಮನ್ಸೂರರನ್ನು ನಾನು ಕೇಳುವುದು ಅದರಲ್ಲೇ. ಆದರೆ ಕೇಳುವ ಸುಖ ಬೇರೆ, ಅನ್ನುವ ಸುಖ ಬೇರೆ. ಅಂದಾಗ ಉಸಿರು ಉದ್ದವಾಗುತ್ತದೆ, ಎದೆ ಬಿಚ್ಚುತ್ತದೆ, ದಿನವಿಡೀ ತಲೆಯಲ್ಲಿ ಸುತ್ತುತ್ತಿದ್ದ ಲೆಕ್ಕಾಚಾರ ಪಕ್ಕಕ್ಕೆ ಸರಿಯುತ್ತದೆ. ನಾಲ್ಕು ಜನ ಕೂಡಿ ಅಂದರಂತೂ ಪಕ್ಕದವನ ಉಸಿರಿಗೆ ನಮ್ಮ ಉಸಿರು ಕಾಯಲು ಕಲಿಯುತ್ತದೆ.

ಅಂಕೋಲಾದ ಸುಕ್ರಿ ಬೊಮ್ಮಗೌಡರನ್ನು ನೆನೆಯದೆ ಈ ಮಾತು ಮುಂದುವರಿಸಲಾರೆ. ಹಾಲಕ್ಕಿ ಸಮುದಾಯದ ಸಾವಿರಾರು ಹಾಡುಗಳನ್ನು ಒಂದೇ ತಲೆಯಲ್ಲಿ ಹೊತ್ತಿದ್ದವರು. ಅಕ್ಷರ ಕಲಿತವರಲ್ಲ. ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತವರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಕೊರಳ ತುಂಬ ಕರಿಮಣಿಯ ಸರ ಹೊತ್ತ ಆ ಹಿರಿಯ ಜೀವಕ್ಕೆ ಹಾಡು ಗದ್ದೆಯ ಕೆಲಸದ ಜೊತೆಗೇ ಬಂದದ್ದು.

ಹಾಗೆಂದು ಎಲ್ಲ ಹೋಯಿತು ಎಂದು ಕೊರಗುವ ಜಾತಿಯವನು ನಾನಲ್ಲ. ಶ್ರಾವಣದಲ್ಲಿ ನಮ್ಮ ಕಡೆ ಯಾವ ಊರಿಗೆ ಹೋದರೂ ಹನುಮಪ್ಪನ ಗುಡಿಯಲ್ಲಿ ಭಜನಿ ಇರುತ್ತದೆ. ಹಾರ್ಮೋನಿಯಂ, ದಮ್ಮಡಿ, ತಾಳ, ನಡುವೆ ಒಂದು ಕಿಟ್ಲಿ ಚಹಾ. ಹೋದ ಶ್ರಾವಣದಲ್ಲಿ ಅಂಥ ಒಂದು ಮೇಳದ ಬದಿಗೆ ಕೂತಿದ್ದೆ. ಟಂಟಂ ಓಡಿಸುವ ಹುಡುಗನೊಬ್ಬ ತಾಳ ಬಡಿಯುತ್ತಿದ್ದ. ಮೇಳದ ಹಿರಿಯರು ಅವನ ಕಡೆ ತಿರುಗಿ, ‘ನೀನೂ ಒಂದ ಅನ್ನೋ ತಮ್ಮಾ’ ಎಂದರು.

‘ನಂಗ ಹಾಡಾಕ ಬರೂದಿಲ್ಲ ಕಾಕಾ.’

‘ಹಾಡು ಅಂತ ಯಾರ ಅಂದಾರ? ಪದಾ ಅನ್ನು ಅಂದ್ವಿ.’

ಹುಡುಗ ತಲೆ ತಗ್ಗಿಸಿ ಶರೀಫರದೊಂದು ಪದ ಹಿಡಿದ. ಮೊದಲ ಸಾಲು ತೀರ ಕೆಳಗೆ ಬಿತ್ತು. ಹಾರ್ಮೋನಿಯಂನವರು ಅವನ ದನಿ ಎಲ್ಲಿದೆಯೋ ಅಲ್ಲಿಗೇ ಬೆರಳು ಇಳಿಸಿಕೊಂಡರು, ಸೊಲ್ಲು ಹಿಡಿಯುವವರೂ ಇಳಿದರು. ಎರಡನೆಯ ನುಡಿಗೆ ಅವನ ತಲೆ ಮೇಲೆದ್ದಿತು, ಮೂರನೆಯದಕ್ಕೆ ತಾಳ ಬಿಗಿಯಾಯಿತು. ಮುಗಿದ ಮೇಲೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಭಜನಿಯಲ್ಲಿ ಆ ರೂಢಿ ಇಲ್ಲ, ಮುಂದಿನವರು ಮುಂದಿನ ಪದ ಎತ್ತುತ್ತಾರೆ. ಈಗ ಬೆಳಿಗ್ಗೆ ಹತ್ತಿ ಬಿಡಿಸಲು ಹೊರಟ ಹೆಂಗಸರನ್ನು ಕೂರಿಸಿಕೊಂಡು ಹೊಲಕ್ಕೆ ಹೋಗುವಾಗ ಅದೇ ಪದ ಅನ್ನುತ್ತಾನಂತೆ, ಹಿಂದಿನ ಸೀಟಿನಿಂದ ಅವರು ಸೊಲ್ಲು ಹಿಡಿಯುತ್ತಾರಂತೆ. ಅವರಲ್ಲೊಬ್ಬಾಕೆ ತನಗೆ ಗೊತ್ತಿರುವ ಸೋಬಾನೆ ಪದಗಳನ್ನೂ ಅವನಿಗೆ ಕಲಿಸತೊಡಗಿದ್ದಾಳೆ.