ಗಾಳಿ

ತೆಲುಗಿನ ಗಾಲಿ, ತಮಿಳಿನ ಕಾಲ್ ಇದರ ನೆಂಟರು; ಬೀಸುವ ಗಾಳಿ ಅಪ್ಪಟ ದ್ರಾವಿಡ ಪದ. ಬೆಟ್ಟದಪುರ, ಪಿರಿಯಾಪಟ್ಟಣದ ಕಡೆ ಅದಕ್ಕೆ ಇನ್ನೊಂದು ಅರ್ಥವೂ ಇದೆ. ಹೊತ್ತಲ್ಲದ ಹೊತ್ತಿನಲ್ಲಿ ಹುಣಸೆಮರದಡಿ ಹಾದುಬಂದ ಸೊಸೆ ಊಟ ಬಿಟ್ಟು ಮಂಕಾಗಿ, ಆಮೇಲೆ ಯಾರದೋ ದನಿಯಲ್ಲಿ ಅತ್ತೆಯನ್ನೇ ಬೈಯತೊಡಗಿದರೆ, ‘ಗಾಳಿ ಮೆಟ್ಕಂಡದೆ ಕಣವ್ವ’ ಎನ್ನುತ್ತಾರೆ. ಬೈದದ್ದು ಗಾಳಿ, ಸೊಸೆಯಲ್ಲ. ಅವಳ ಒಡಲುರಿಗೆ ಇದಕ್ಕಿಂತ ಒಳ್ಳೆಯ ವಕೀಲ ಸಿಗಲಾರ!

ಗಾಳಿ ಸೋಕುತ್ತದೆ, ಹಿಡಿಯುತ್ತದೆ, ಅದನ್ನು ‘ಬಿಡಿಸುತ್ತಾರೆ’. ದೇವರಾದರೆ ‘ಮೈಮೇಲೆ ಬರುತ್ತದೆ’, ಬಂದವರ ಕಾಲಿಗೆ ಊರೇ ಬೀಳುತ್ತದೆ. 2022ರಲ್ಲಿ ಜಾರಿಯಾದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಎಳೆಯುವ ಗೆರೆಯೂ ಹೆಚ್ಚುಕಡಿಮೆ ಇದೇ: ಸಮುದಾಯ ಒಪ್ಪಿದ ಆಚರಣೆಯೊಳಗಿನ ಆವೇಶ ಕಾಯಿಲೆಯಲ್ಲ; ಬೇಡವೆಂದರೂ ಬಂದು ಬಾಳು ಕೆಡಿಸುವುದು ಕಾಯಿಲೆ. ಕರಾವಳಿಯ ಕೋಟದಲ್ಲಿ ಜನರ ಮನೋವ್ಯಥೆ ಅಧ್ಯಯನ ಮಾಡಿದ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ತಮ್ಮ 1976ರ ಪುಸ್ತಕದಲ್ಲಿ ಮೈಮೇಲೆ ಬರುವುದನ್ನೂ ಗಂಭೀರವಾಗಿಯೇ ಪರಿಗಣಿಸಿದ್ದರು.

ಮೂರ್ಛೆರೋಗಕ್ಕೂ ಗಾಳಿಯೆಂದೇ ಹೆಸರಿಟ್ಟು, ತಾಯತ ಕಟ್ಟಿ, ಮಾತ್ರೆ ತಪ್ಪಿಸುವುದುಂಟು. ಈ ಪದಕ್ಕೆ ಹೆದರಬೇಕಾದದ್ದು ಅಲ್ಲಿ.